ಹೊಗೆ ಫ್ಯಾನು ಮತ್ತು ವೈನಿ

ವೈನಿಯ ಬಲಗೈ ಹೆಬ್ಬೆರಳಿನ ಉಗುರಿನ ನಟ್ಟನಡುವೆ ಒಂದು ಗೆರೆ ಇತ್ತು. ಮೋಟಾರಿಗೆ ಸುತ್ತುವ ತಾಮ್ರದ ತಂತಿ ವರ್ಷಗಟ್ಟಲೆ ಅದರ ಮೇಲೆ ಓಡಿ ಓಡಿ ಕೊರೆದಿದ್ದ ಗೆರೆ. ಬೇರೆಯವರಾದರೆ ಬೆರಳಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ. ವೈನಿ ಕಟ್ಟುತ್ತಿರಲಿಲ್ಲ. ತಂತಿಯ ಮೇಲಿನ ಲೇಪ ಎಲ್ಲಾದರೂ ಕಿತ್ತಿದ್ದರೆ ಉಗುರಿಗೆ ತಿಳಿಯುತ್ತದೆ, ಬಟ್ಟೆಗೆ ತಿಳಿಯುವುದಿಲ್ಲ ಎಂಬುದು ಅವರ ವಾದ. ಕೆಲಸಕ್ಕೆ ನಿಂತರೆ ಕೈತುಂಬ ಇದ್ದ ಹಸಿರು ಬಳೆಗಳನ್ನು ಮೊಣಕೈ ಹತ್ತಿರಕ್ಕೆ ಏರಿಸಿ, ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಹಾಕಿ ಬಿಗಿಯುತ್ತಿದ್ದರು. ಬಳೆ ಸದ್ದು ಮಾಡಿದರೆ ಬೇರಿಂಗಿನ ಸದ್ದು ಕೇಳುವುದಿಲ್ಲವಂತೆ.

ನಿಂತರೆ ಎಂದು ಬರೆದದ್ದು ಬೇಕೆಂದೇ. ವೈನಿ ಕುಳಿತದ್ದನ್ನು ನಾನು ಕಂಡದ್ದು ಬಹಳ ಕಡಿಮೆ. ಚಹಾ ನಿಂತೇ ಕುಡಿಯುತ್ತಿದ್ದರು, ಫೋನಿನಲ್ಲಿ ಮಾತಾಡುವಾಗ ಅಂಗಡಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು. ಅಂಗಡಿಯಲ್ಲಿ ಇದ್ದದ್ದು ಒಂದೇ ಕುರ್ಚಿ, ಅದರ ಮೇಲೆ ಯಾವಾಗಲೂ ಯಾವುದೋ ಮೋಟಾರು. ಸ್ವಲ್ಪ ಕುಳಿತುಕೊಳ್ಳಿ ಎಂದರೆ, "ಮೋಟಾರ್ ಕುಂತೈತಲ್ಲೋ, ಅದನ್ನ ಎಬ್ಬಸ್ಲೇನು?" ಎನ್ನುತ್ತಿದ್ದರು. ಅವರ ಎದುರು ಹತ್ತು ನಿಮಿಷ ಇದ್ದರೆ ನಮ್ಮ ಕಾಲೂ ಸುಮ್ಮನಿರುತ್ತಿರಲಿಲ್ಲ. ಏನೋ ಮರೆತು ಬಂದವರ ಹಾಗೆ ಚಡಪಡಿಸುತ್ತಿದ್ದೆವು.

ಗಂಗಾವತಿಯಲ್ಲಿ ಅಕ್ಕಿ ಮಿಲ್ಲುಗಳು ಸಾಲಾಗಿ ನಿಂತಿರುವ ರಸ್ತೆಯಲ್ಲಿ ಅವರ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಮೋಟಾರು ಬಿಚ್ಚಿ, ಕರಕಲಾದ ಹಳೆಯ ತಂತಿ ಕಿತ್ತು, ಹೊಸ ತಂತಿ ಸುತ್ತಿ, ವಾರ್ನಿಷ್ ಕುಡಿಸಿ, ಒಣಗಿಸಿ ಕೊಡುವುದು ಕೆಲಸ. ಅಂಗಡಿ ಶುರುವಾದಾಗ ಗಂಡನ ತಮ್ಮ ಅಲ್ಲಿ ಕೆಲಸ ಕಲಿಯುತ್ತಿದ್ದನಂತೆ. ಅವನು ಅತ್ತಿಗೆಯನ್ನು ವೈನಿ ಎಂದು ಕೂಗುತ್ತಿದ್ದದ್ದು ಇಡೀ ರಸ್ತೆಗೆ ಅಂಟಿಕೊಂಡಿತು. ಮಿಲ್ಲಿನ ಮಾಲೀಕರಿಗೂ ವೈನಿ, ಹಮಾಲರಿಗೂ ವೈನಿ. ನಮ್ಮೆಲ್ಲರಿಗೂ ಅವರು ಇಟ್ಟ ಹೆಸರು ಮೈದುನ. ಗಂಡ ಗೂಡ್ಸ್ ಆಟೋದಲ್ಲಿ ಮೋಟಾರು ಹೇರಿಕೊಂಡು ಬರುವುದು, ಮುಟ್ಟಿಸುವುದು ಮಾಡುತ್ತಿದ್ದರು. ಅವರನ್ನು ನಾವು ಅಣ್ಣ ಎನ್ನುತ್ತಿದ್ದೆವು. ಅಣ್ಣ ಮಾತಾಡುತ್ತಿರಲಿಲ್ಲ. ಮನೆಯ ಮಾತಿನ ಪಾಲನ್ನೆಲ್ಲ ವೈನಿಯೇ ಖರ್ಚು ಮಾಡುತ್ತಿದ್ದರಿಂದ ಅವರಿಗೆ ಉಳಿಯುತ್ತಿರಲಿಲ್ಲ ಎಂದು ನಾವು ತಮಾಷೆ ಮಾಡುತ್ತಿದ್ದೆವು.

ವೈನಿಯ ತವರು ಕಿನ್ನಾಳ. ಅಪ್ಪ ಬೊಂಬೆ ಮಾಡುವವರು. ತಂತಿಯನ್ನು ಸುರುಳಿ ಮಾಡಲು ಕಟ್ಟಿಗೆಯ ಅಚ್ಚು ಬೇಕಾಗುತ್ತದೆ. ಅವನ್ನೆಲ್ಲ ಅಪ್ಪನೇ ಕೆತ್ತಿ ಕೊಟ್ಟಿದ್ದರು. ಒಂದೆರಡಕ್ಕೆ ಕೆಂಪು ಬಣ್ಣ ಹತ್ತಿಕೊಂಡಿತ್ತು. ಯಾವುದೋ ಗೊಂಬೆಯ ಸೀರೆಗೆ ಕಲಸಿದ ಬಣ್ಣವಿರಬೇಕು. ಬೇರಿಂಗಿನ ಸದ್ದು ಕೇಳಲು ಎಲ್ಲರೂ ಸ್ಕ್ರೂಡ್ರೈವರ್ ಹಿಡಿದರೆ ವೈನಿ ಅಪ್ಪ ಕೊಟ್ಟ ಉದ್ದನೆಯ ಹಗುರ ಕೋಲು ಹಿಡಿಯುತ್ತಿದ್ದರು. ಒಂದು ತುದಿ ಮೋಟಾರಿಗೆ, ಇನ್ನೊಂದು ಕಿವಿಯ ಹಿಂದಿನ ಎಲುಬಿಗೆ. ಕಣ್ಣು ಮುಚ್ಚಿ ಕೇಳುವ ಆ ಅರ್ಧ ನಿಮಿಷ ಮಾತ್ರ ಅವರ ಕಾಲು ಅಲುಗುತ್ತಿರಲಿಲ್ಲ.

ಇನ್ನು ಜಂಬ. ಅದನ್ನು ಬಿಟ್ಟು ವೈನಿಯ ಬಗ್ಗೆ ಬರೆದರೆ ಅವರೇ ಬಂದು ಬೈದಾರು. ನವಲಿ ಕಡೆಯ ಒಂದು ಮಿಲ್ಲಿನಲ್ಲಿ ಭತ್ತ ಒಣಗಿಸುವ ಯಂತ್ರಕ್ಕೆ ಬಿಸಿಗಾಳಿ ಊದುವ ಫ್ಯಾನು ಇದ್ದಕ್ಕಿದ್ದಂತೆ ಸೋತು ಹೋಗಿತ್ತು. ತಿರುಗುತ್ತಿದೆ, ಗಾಳಿಯೂ ಬರುತ್ತಿದೆ, ಆದರೆ ಭತ್ತ ಒಣಗದು. ಬೆಲ್ಟು ಬದಲಿಸಿದರು, ಉರಿಸುವ ಹೊಟ್ಟು ಹಸಿ ಇದೆ ಎಂದರು, ಕೊನೆಗೆ ಮೋಟಾರನ್ನೇ ಬಿಚ್ಚಬೇಕೆಂದು ವೈನಿಯನ್ನು ಕರೆಸಿದರು. ವೈನಿ ಗೇಟು ದಾಟುವಾಗಲೇ ಫ್ಯಾನಿನ ಕಡೆ ನೋಡಿ, "ಉಲ್ಟಾ ತಿರಗಾಕತ್ತೈತಲ್ರೋ" ಎಂದರು. ಹಿಂದಿನ ದಿನ ಲೈನಿನ ಕೆಲಸ ಮಾಡಿದವರು ಮೂರು ತಂತಿಯಲ್ಲಿ ಎರಡನ್ನು ಅದಲುಬದಲು ಸೇರಿಸಿದ್ದರು. ಆ ಜಾತಿಯ ಫ್ಯಾನು ಉಲ್ಟಾ ತಿರುಗಿದರೂ ಅದೇ ಬಾಯಿಯಿಂದಲೇ ಗಾಳಿ ಬಿಡುತ್ತದೆ, ಆದರೆ ಅರೆಮನಸ್ಸಿನಿಂದ. ಅದಕ್ಕೇ ಯಾರಿಗೂ ಗುಮಾನಿ ಬಂದಿರಲಿಲ್ಲ. ಎರಡು ತಂತಿ ಬದಲಿಸಿದರು, ಮುಗಿಯಿತು. ಈ ಕತೆಯನ್ನು ವೈನಿ ಆ ವರ್ಷವಿಡೀ ಹೇಳಿದರು. ಹೇಳಿದ ಮೇಲೆ ಒಂದು ಮಾತು ಸೇರಿಸುತ್ತಿದ್ದರು. "ಗೊತ್ತಿಲ್ಲ ಅನ್ನೂ ಮಾತು ನಮ್ಮ ಅಂಗಡ್ಯಾಗ ಸಿಗಾಂಗಿಲ್ಲ. ಬೇಕಾದ್ರ ಬ್ಯಾರೆ ಕಡೆ ಹೋಗಿ ಕೇಳ್ರಿ."

ನಾನು ಆಗ ಅದೇ ರಸ್ತೆಯ ಒಂದು ಅಕ್ಕಿ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್. ಈಗಲೂ ಅಲ್ಲೇ ಇದ್ದೇನೆ. ಊರು ತಾವರಗೇರಾ. ಅನ್ನದ ಊರಿನಲ್ಲಿ ಕೆಲಸ, ಊಟಕ್ಕೆ ಮಾತ್ರ ಜೋಳದ ರೊಟ್ಟಿಯೇ ಬೇಕು. ಇದು ವೈನಿಗೆ ದೊಡ್ಡ ನಗೆಯ ವಿಷಯ. "ಮಿಲ್ಲಿನ ಅಕ್ಕಿ ನಂಬದವ ನನ್ನ ಮೋಟಾರ್ ಹೆಂಗ ನಂಬ್ಯಾನು" ಎಂದು ಕಾಡುತ್ತಿದ್ದರು. ನಂಬದೆ ನನಗೆ ಗತಿ ಇರಲಿಲ್ಲ. ನಮ್ಮ ಮಿಲ್ಲಿನಲ್ಲಿ ಕುಚ್ಚಲಕ್ಕಿ ಮಾಡುತ್ತಾರೆ. ಭತ್ತ ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ, ಆಮೇಲೆ ಗಿರಣಿಗೆ. ಹಬೆಗೆ ಬಾಯ್ಲರು, ಬಾಯ್ಲರಿಗೆ ಹೊಟ್ಟಿನ ಬೆಂಕಿ. ಆ ಬೆಂಕಿಯ ಹೊಗೆಯನ್ನು ಚಿಮಣಿಗೆ ಎಳೆಯುವುದು ಒಂದು ಭಾರಿ ಫ್ಯಾನು. ಅದಕ್ಕೆ ಹೊಗೆ ಫ್ಯಾನು ಎನ್ನುತ್ತೇವೆ. ಅದು ನಿಂತರೆ ಬೆಂಕಿ ಒಲೆಯ ಬಾಯಿಗೆ ತಿರುಗಿ ಬರುತ್ತದೆ, ಹಬೆ ಇಳಿಯುತ್ತದೆ, ತೊಟ್ಟಿಯಲ್ಲಿ ನೆನೆದ ಭತ್ತ ಹುಳಿತು ನಾರತೊಡಗುತ್ತದೆ. ಆ ನಾತ ಅಕ್ಕಿಯನ್ನು ಬಿಡುವುದಿಲ್ಲ. ಹಾಗಾಗಿ ಆ ಫ್ಯಾನಿನ ಮೋಟಾರು ಸುಟ್ಟರೆ ಮೊದಲು ಹುಡುಕುವುದು ನನ್ನ ಮುಖವನ್ನು.

ಒಂದು ಚಳಿಗಾಲ ಅದು ಸುಟ್ಟಿತು.

ವೈನಿ ಬಂದು ಬಿಚ್ಚಿದರು. ಸುಟ್ಟ ಮೋಟಾರು ಅವರಿಗೆ ಮುಖದಂತೆ ಓದಲು ಬರುತ್ತಿತ್ತು. ಒಳಗಿನ ಸುರುಳಿಗಳಲ್ಲಿ ಕೆಲವು ಮಾತ್ರ ಕಪ್ಪಾಗಿ ಉಳಿದವು ಹೊಳೆಯುತ್ತಿದ್ದರೆ ಕರೆಂಟಿನ ಮೂರು ಫೇಸುಗಳಲ್ಲಿ ಒಂದು ಬರದೆ ಹೋಗಿದೆ ಎಂದರ್ಥ. ಎಲ್ಲವೂ ಒಂದೇ ಸಮ ಕರಕಲಾಗಿದ್ದರೆ ಮೋಟಾರು ತನ್ನ ಕೈಲಾಗದ ಭಾರ ಹೊತ್ತಿದೆ ಎಂದರ್ಥ. ಇದರಲ್ಲಿ ಎಲ್ಲವೂ ಒಂದೇ ಸಮ. ವೈನಿ ಫ್ಯಾನಿನ ಮುಚ್ಚಳ ತೆಗೆಸಿ ರೆಕ್ಕೆ ಮುಟ್ಟಿ ನೋಡಿದರು. ಬೂದಿ ಗಟ್ಟಿಯಾಗಿ ಹತ್ತಿತ್ತು, ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. "ಇದ ನೋಡೋ. ಹೆಗಲಿಗೆ ಮೂಟಿ ಒಂದ ಕಡೆ ವಾಲಿದ್ರ ಹಮಾಲ ಹೆಂಗ ನಡದಾನು?" ಎಂದರು. ರೆಕ್ಕೆ ಕೆರೆಸಿದೆವು, ನಡುಗಿ ನಡುಗಿ ಹಾಳಾಗಿದ್ದ ಬೇರಿಂಗು ಬದಲಿಸಿದೆವು. ವೈನಿ ಹೊಸ ತಂತಿ ಸುತ್ತಿ ಕೊಟ್ಟರು. ಇನ್ನು ಹತ್ತು ವರ್ಷ ಈ ಮೋಟಾರಿನ ಕಡೆ ನೋಡಬೇಡ ಎಂದು ನನಗೆ ಹೇಳಿದರು.

ಹತ್ತು ವರ್ಷ ಎಲ್ಲಿಯದು! ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಮತ್ತೆ ಸುಟ್ಟಿತು. ಮತ್ತೆ ಎಲ್ಲವೂ ಒಂದೇ ಸಮ. ಈ ಸಲ ವೈನಿಗೆ ಮೋಟಾರಿನ ಹಿಂದಿನ ಜಾಲರಿ ಸಿಕ್ಕಿತು. ಮೋಟಾರಿಗೂ ತನ್ನ ಮೈ ತಣ್ಣಗಿಡಲು ಬೆನ್ನ ಹಿಂದೆ ಒಂದು ಪುಟ್ಟ ಫ್ಯಾನಿರುತ್ತದೆ. ಅದರ ಜಾಲರಿಗೆ ತೌಡಿನ ಧೂಳು ಕಂಬಳಿಯ ಹಾಗೆ ಕವಿದಿತ್ತು. "ಉಸರ ಕಟ್ಟಿ ಸತ್ತೈತಿ" ಎಂದರು. ಜಾಲರಿ ತೊಳೆಸಿ, ದಿನಾ ಸಂಜೆ ಒರೆಸಬೇಕೆಂದು ನನಗೆ ತಾಕೀತು ಮಾಡಿದರು. ಬೆಲ್ಟು ಅತಿ ಬಿಗಿಯಾಗಿದೆ ಎಂದು ಬೈದು ಸಡಿಲಿಸಿದರು. ಈ ಸಲ ಪಕ್ಕಾ ಎಂದರು. ನಾನು ದಿನಾ ಒರೆಸಿದೆ. ದಿನಕ್ಕೆ ಎಷ್ಟು ಸಲ ಹೋಗಿ ಅದರ ಮೈ ಮುಟ್ಟಿ ನೋಡುತ್ತಿದ್ದೆನೋ, ಮನೆಯಲ್ಲಿ ಮಗುವಿಗೆ ಜ್ವರ ಬಂದಾಗಲೂ ನಾನು ಅಷ್ಟು ಮುಟ್ಟಿರಲಿಲ್ಲ ಎಂದು ಹೆಂಡತಿ ಅಂದಳು. ಆದರೂ ಸುಟ್ಟಿತು.

ಆವತ್ತು ತೊಟ್ಟಿಯ ತುಂಬ ಭತ್ತವಿತ್ತು. ಸಂಜೆಯ ಹೊತ್ತಿಗೆ ನಾತ ಗೇಟಿನವರೆಗೆ ಬಂದಿತ್ತು. ನಮ್ಮ ಸಾಹುಕಾರರು, ಅಂದರೆ ಮಿಲ್ಲಿನ ಮಾಲೀಕರು, ಆಫೀಸಿನ ಮುಂದೆ ನಿಂತಿದ್ದರು. ಪಕ್ಕದ ಮಿಲ್ಲುಗಳ ಇಬ್ಬರು ಮಾಲೀಕರೂ ಇದ್ದರು. ವೈನಿ ಸುಟ್ಟ ಸುರುಳಿಯ ಒಂದು ತುಂಡು ಕೈಯಲ್ಲಿ ಹಿಡಿದು ಬಂದರು. ಅವರು ಬಾಯಿ ತೆರೆಯುವ ಮೊದಲೇ ಸಾಹುಕಾರರು ಶುರು ಮಾಡಿದರು.

"ದಪ್ಪ ತಂತಿ ತೋರಸ್ತಿ, ಸಣ್ಣ ತಂತಿ ಸುತ್ತತಿ. ಮೂರ ತಿಂಗಳಿಂದ ನನ್ನ ಮನಿ ಸುಡಾಕತ್ತಿ. ಇದಕ್ಕ ಕಳ್ಳತನ ಅಂತಾರ."

ವೈನಿಯ ಕಿವಿ ಕೆಂಪಾದದ್ದು ನನಗೆ ಕಂಡಿತು.

"ಅಳೀರಿ. ಗೇಜ್ ತಂದೀನಿ. ಇವರಿಬ್ರ ಮುಂದ ಅಳೀರಿ" ಎಂದು ತುಂಡನ್ನು ಮುಂದೆ ಚಾಚಿದರು.

"ಸುಟ್ಟ ತಂತೀದು ಏನ್ ಅಳೀಲಿ? ಸುಡಗಾಡಿನ ಬೂದಿ ಅಳದಂಗ" ಎಂದು ಸಾಹುಕಾರರು ಕೈ ಕೊಡವಿದರು. ಆಮೇಲೆ ಅವರ ಕಣ್ಣು ನನ್ನ ಮೇಲೆ ಬಿತ್ತು. ದನಿ ಸ್ವಲ್ಪ ಇಳಿಸಿ ವೈನಿಗೆ ಹೇಳಿದರು. "ನಿನ್ನ ತಂತಿ ಛಲೋ ಐತಿ ಅಂತಿಯಲ್ಲ, ಹಂಗಾದ್ರ ಇವನ ಕೆಲಸ ಕೆಟ್ಟೈತಿ ಅಂತ ಆತು. ಒಂದ ಮಾತು ಹೇಳು, ಇವನ ತಪ್ಪು ಅಂತ. ಇವನನ್ನ ಇವತ್ತ ಊರಿಗೆ ಕಳಸ್ತೀನಿ. ನಿನ್ನ ಮ್ಯಾಲಿನ ಮಾತು ಹಿಂದಕ್ಕ ತಗೋತೀನಿ."

ವೈನಿ ಹೇಳಿದ್ದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ವೈರಿಂಗು ಸಡಿಲ, ರಿಲೇ ಸರಿಯಿಲ್ಲ, ಏನು ಬೇಕಾದರೂ ಹೇಳಬಹುದಿತ್ತು. ಅವರ ಹೆಸರು ಉಳಿಯುತ್ತಿತ್ತು, ನನ್ನ ಅನ್ನ ಹೋಗುತ್ತಿತ್ತು. ವೈನಿ ನನ್ನ ಕಡೆ ನೋಡಲಿಲ್ಲ. ಕೈಯಲ್ಲಿದ್ದ ಕರಕಲು ತುಂಡನ್ನು ನೋಡುತ್ತ ನಿಂತರು. ಕಾಲು ಮಾತ್ರ ಒಂದೇ ಸಮ ನೆಲ ಒದೆಯುತ್ತಿತ್ತು.

"ಯಾಕ ಸುಡತೈತಿ ನನಗ ಗೊತ್ತಿಲ್ಲ" ಎಂದರು.

ರಸ್ತೆಯವರು ಕೇಳಿದ್ದರೆ ನಂಬುತ್ತಿರಲಿಲ್ಲ. ಯಾವತ್ತೂ ಆ ಬಾಯಿಂದ ಬರದ ಮಾತು, ಮೂವರು ಮಿಲ್ಲಿನ ಮಾಲೀಕರ ಮುಂದೆ ಬಂತು. "ತಂತಿ ಸರಿ ಐತಿ. ಇವನ ಕೆಲಸಾನೂ ನೋಡೀನಿ, ಸರಿ ಐತಿ. ಯಾಕ ಸುಡತೈತಿ ಗೊತ್ತಿಲ್ಲ. ಗೊತ್ತಾದ ಮ್ಯಾಲ ಬರ್ತೀನಿ." ಅಷ್ಟು ಹೇಳಿ ಹೊರಟೇಬಿಟ್ಟರು. ಸಾಹುಕಾರರು ಹಿಂದಿನಿಂದ, "ಗೇಟಿನ ಒಳಗ ಕಾಲಿಡಬ್ಯಾಡ" ಎಂದು ಕೂಗಿದರು. ಮೋಟಾರು ವೈಂಡಿಂಗಿಗೆ ಬೇರೆ ಊರಿಗೆ ಹೋಯಿತು. ನಾನು ಕೆಲಸದಲ್ಲಿ ಉಳಿದೆ.

ವೈನಿಯ ಅಂಗಡಿ ಮಾತ್ರ ಬರಿದಾಯಿತು. ಅಲ್ಲಿದ್ದ ಇಬ್ಬರು ಮಾಲೀಕರು ತಮ್ಮ ಮೋಟಾರು ಕಳಿಸುವುದು ನಿಲ್ಲಿಸಿದರು, ಅವರನ್ನು ನೋಡಿ ಮಿಕ್ಕವರೂ ನಿಲ್ಲಿಸಿದರು. ಕುಷ್ಟಗಿ, ಯಲಬುರ್ಗಾ ಕಡೆಯ ರೈತರ ಬೋರಿನ ಮೋಟಾರುಗಳು ಮಾತ್ರ ಬರುತ್ತಿದ್ದವು. ಕುರ್ಚಿ ಖಾಲಿ ಇತ್ತು. ಆಗಲೂ ವೈನಿ ಕೂರಲಿಲ್ಲ. ನಾನು ಸಂಜೆ ಹೋದರೆ ಪ್ರಶ್ನೆಗಳ ಸುರಿಮಳೆ. ಎಷ್ಟು ಆಂಪಿಯರ್ ಎಳೀತೈತಿ? ಮಧ್ಯಾಹ್ನ ಎಷ್ಟು? ವೋಲ್ಟೇಜ್ ಇಳಿತೈತೇನು? ನಾನು ಹೇಳುತ್ತಿದ್ದದ್ದು ಒಂದೇ, ಎಲ್ಲವೂ ಸರಿ ಇದೆ. "ಎಲ್ಲಾ ಸರಿ ಇದ್ರ ಸುಡಾಂಗಿಲ್ಲಲೋ!" ಎಂದು ನನ್ನ ಮೇಲೆ ರೇಗುತ್ತಿದ್ದರು. ಫೋನು ಮೋಟಾರಿನ ಹತ್ತಿರ ಹಿಡಿಯಲು ಹೇಳಿ ಆ ಕಡೆಯಿಂದ ಕೇಳುತ್ತಿದ್ದರು. ಅದರಲ್ಲೂ ಏನೂ ಸಿಗಲಿಲ್ಲ. ಕಣ್ಣ ಕೆಳಗೆ ಕಪ್ಪಾಯಿತು. ಊಟ ಮಾಡುತ್ತಾರೋ ಇಲ್ಲವೋ ಎಂದು ಅಣ್ಣನನ್ನು ಕೇಳಿದರೆ ಅವರು ತಲೆ ಅಲ್ಲಾಡಿಸಿದರು. ಅದು ಹೌದೋ ಅಲ್ಲವೋ ತಿಳಿಯಲಿಲ್ಲ.

ಆಮೇಲೆ ಒಂದು ಹುಚ್ಚು ಹಿಡಿಯಿತು. ನಮ್ಮ ಮಿಲ್ಲಿನ ಗೋಡೆಯ ಆಚೆ, ರಸ್ತೆಗೆ ಹತ್ತಿ ಒಂದು ಚಹಾದ ಅಂಗಡಿ ಇದೆ. ಗೋಡೆಯ ಈ ಬದಿಗೆ ಸರಿಯಾಗಿ ಹೊಗೆ ಫ್ಯಾನು. ಒಳಗೆ ಬಿಡುವುದಿಲ್ಲ ತಾನೆ, ಹೊರಗೆ ನಿಂತರೆ ಯಾರ ಅಪ್ಪನ ಗಂಟು ಎಂದು ವೈನಿ ದಿನಾ ಬೆಳಿಗ್ಗೆ ಅಲ್ಲಿಗೆ ಬಂದು ನಿಲ್ಲತೊಡಗಿದರು. ಕೈಯಲ್ಲಿ ಚಹಾದ ಗ್ಲಾಸು, ಕಿವಿ ಗೋಡೆಯ ಕಡೆ. ಹೋಗಿ ಬರುವವರು ನಗುತ್ತಿದ್ದರು. ವೈನಿ ಫ್ಯಾನಿಗೆ ಕಾವಲು ಕುಂತಾಳ ಎನ್ನುತ್ತಿದ್ದರು. ಕುಂತಿಲ್ಲ, ನಿಂತೀನಿ ಎಂದು ವೈನಿ ತಿರುಗಿ ಹೇಳುತ್ತಿದ್ದರು.

ಅಷ್ಟರಲ್ಲಿ ಅಮವಾಸ್ಯೆ ಬಂತು. ನಮ್ಮ ಕಡೆ ಅಮವಾಸ್ಯೆಗೆ ಅಂಗಡಿ, ಗಾಡಿ, ಯಂತ್ರ ಎಲ್ಲದಕ್ಕೂ ಪೂಜೆ. ನಮ್ಮ ಮಿಲ್ಲಿನಲ್ಲಿ ಹಿಂದಿನ ದಿನವೇ ಬೆಂಕಿ ಆರಿಸಿ, ಎಲ್ಲವನ್ನೂ ತೊಳೆದು, ಬೆಳಿಗ್ಗೆ ಕುಂಕುಮ ಹಚ್ಚಿ ಹೂ ಏರಿಸುತ್ತಾರೆ. ತೆಂಗಿನಕಾಯಿ ಒಡೆದ ಮೇಲೆ ಸಾಹುಕಾರರು ತಮ್ಮ ಕೈಯಿಂದಲೇ ಹೊಗೆ ಫ್ಯಾನಿನ ಸ್ವಿಚ್ಚು ಒತ್ತಬೇಕು, ಆಮೇಲೆ ಒಲೆಗೆ ಬೆಂಕಿ. ಒಂದು ಸಲ ಒತ್ತಿದರೆ ಸಾಲದು. ದೇವರ ಹೆಸರಿಗೆ ಒಂದು ಸಲ, ಹಿರಿಯರ ಹೆಸರಿಗೆ ಒಂದು ಸಲ, ಮಿಲ್ಲಿನ ಹೆಸರಿಗೆ ಒಂದು ಸಲ. ಚಾಲೂ, ಬಂದ್, ಚಾಲೂ, ಬಂದ್, ಚಾಲೂ. ಅವರ ತಂದೆ ಸಣ್ಣ ಗಿರಣಿ ಇಟ್ಟಿದ್ದ ಕಾಲದಿಂದ ಬಂದ ರೂಢಿ. ಪ್ರತಿ ಅಮವಾಸ್ಯೆಗೂ ನಾನು ಪಕ್ಕದಲ್ಲೇ ಕೈಮುಗಿದು ನಿಂತಿರುತ್ತಿದ್ದೆ. ಅದು ಪೂಜೆ. ಪೂಜೆಯನ್ನು ಮೋಟಾರಿನ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ವೈನಿ ಕೇಳಿದಾಗ ನಾನು ಹೇಳಿರಲೂ ಇಲ್ಲ, ಅವರೂ ಕೇಳಿರಲಿಲ್ಲ. ಪೂಜೆಯ ದಿನ ವೈಂಡಿಂಗಿನವರನ್ನು ಯಾರು ಕರೆಯುತ್ತಾರೆ?

ಆವತ್ತು ಮೂರನೆಯ ಸಲ ಫ್ಯಾನು ಏಳುತ್ತಿದ್ದಾಗ ಗೇಟಿನ ಕಡೆ ಗದ್ದಲವಾಯಿತು. ವೈನಿ ವಾಚ್‌ಮನ್ನನ್ನು ತಳ್ಳಿಕೊಂಡೇ ಒಳಗೆ ಬಂದರು. ಬಳೆಗಳಿಗೆ ಪಟ್ಟಿ ಹಾಕಿರಲಿಲ್ಲ, ಓಡಿ ಬಂದ ರಭಸಕ್ಕೆ ಝಣಝಣ ಎನ್ನುತ್ತಿದ್ದವು.

"ಯಾರು ಒತ್ತಿದ್ದು? ಮೂರ ಸಲ ಯಾರು ಒತ್ತಿದ್ದು?"

ಸಾಹುಕಾರರ ಹಣೆಯ ತುಂಬ ಕುಂಕುಮ, ಕೈಯಲ್ಲಿ ಅಕ್ಷತೆ. ಅವರಿಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಗಿತ್ತು. "ನಾನು. ಪೂಜಿ ಇದು. ಹೊರಗ ನಡಿ" ಎಂದರು.

ವೈನಿ ಹೊರಗೆ ನಡೆಯಲಿಲ್ಲ. ನನಗೆ, "ಬಂದ್ ಮಾಡೋ" ಎಂದರು. ಆ ದನಿಗೆ ನಾನು ಸಾಹುಕಾರರ ಮುಖ ಕೂಡ ನೋಡದೆ ಬಂದ್ ಮಾಡಿದೆ. ಫ್ಯಾನು ನಿಧಾನಕ್ಕೆ ಇಳಿದು ನಿಂತಿತು. "ಈಗ ಯಾರೂ ಮುಟ್ಟಬ್ಯಾಡ್ರಿ. ಪ್ರಸಾದ ಹಂಚ್ರಿ. ಹಂಚಿ ಮುಗಿಯೂತನ ನಿಂದರ್ತೀನಿ. ಆಮ್ಯಾಲ ಸಾಹುಕಾರ್ರು ಮೋಟಾರ್ ಮ್ಯಾಲ ಕೈ ಇಡ್ಲಿ. ತಣ್ಣಗಿದ್ರ ನಾ ಕಳ್ಳಿ. ಅಂಗಡಿ ಬಂದ್ ಮಾಡಿ ಕಿನ್ನಾಳಕ್ಕ ಹೋಗ್ತೀನಿ."

ಬಾಯಿ ಜೋರಿನವಳ ಜೊತೆ ಪೂಜೆಯ ಹೊತ್ತಿನಲ್ಲಿ ಜಗಳ ಬೇಡವೆಂದೋ, ಅವಳು ತಾನಾಗಿ ತೊಲಗಿದರೆ ಒಳ್ಳೆಯದೆಂದೋ, ಸಾಹುಕಾರರು ಒಪ್ಪಿದರು. ಹಮಾಲರಿಗೆ ತೆಂಗಿನಕಾಯಿ ಚೂರು, ಬೆಲ್ಲ, ಮಂಡಕ್ಕಿ ಹಂಚುವವರೆಗೆ ಎಲ್ಲರೂ ಕಾದೆವು. ವೈನಿ ಮೋಟಾರಿನ ಸುತ್ತ ಸುತ್ತುತ್ತಿದ್ದರು, ಮುಟ್ಟಲಿಲ್ಲ. ನನಗೆ ನನ್ನದೇ ಭಯ. ಮೋಟಾರು ಶುರುವಾಗಿ ನಿಂತದ್ದು ಈಗಷ್ಟೇ, ಅದು ಎಷ್ಟು ಬಿಸಿಯಾದೀತು? ತಣ್ಣಗಿದ್ದರೆ ಈ ಹೆಂಗಸು ಹೇಳಿದ ಮಾತಿಗೆ ತಪ್ಪುವವರಲ್ಲ, ಗಂಟು ಕಟ್ಟಿಯೇ ಬಿಡುತ್ತಾರೆ ಎಂದುಕೊಂಡೆ.

ಸಾಹುಕಾರರು ಬಂದು ಅಂಗೈ ಇಟ್ಟರು. ಇಟ್ಟವರು ಹಾವು ಮುಟ್ಟಿದಂತೆ ಎಳೆದುಕೊಂಡರು. ಅಷ್ಟರಲ್ಲಿ ನಮಗೆಲ್ಲರಿಗೂ ಮೂಗಿಗೆ ಬಡಿದಿತ್ತು, ಊದುಬತ್ತಿಯ ವಾಸನೆಯ ನಡುವೆ ಕಾದ ವಾರ್ನಿಷಿನ ವಾಸನೆ.

"ಒಳಗಿನ ಬೆಂಕಿ ಹೊರಗ ಬರಾಕ ಹೊತ್ತು ಬೇಕ್ರಿ" ಎಂದರು ವೈನಿ. ಈಗ ಅವರ ದನಿಯಲ್ಲಿ ಜೋರಿರಲಿಲ್ಲ. "ಇಷ್ಟ ಭಾರದ ಫ್ಯಾನು. ನಿಂತಿದ್ದನ್ನ ಎಬ್ಬಸಬೇಕಾದ್ರ ಮೋಟಾರು ಐದಾರು ಪಟ್ಟು ಕರೆಂಟ್ ಕುಡಿತೈತಿ. ಎದ್ದ ಮ್ಯಾಲ ಸುಧಾರಸ್ಕೋತೈತಿ. ನೀವು ಸುಧಾರಸ್ಕೋಳಾಕ ಬಿಡದ ಮತ್ತ ಕೆಡವಿ ಮತ್ತ ಎಬ್ಬಸ್ತೀರಿ. ಅದೂ ಒಲಿ ಆರಿದಾಗ. ಬಿಸಿ ಹೊಗಿ ಹಗರ, ತಣ್ಣನ ಗಾಳಿ ವಜ್ಜಿ. ಮುಂಚೆ ಗಾಳಿ ತಡಿಯೂ ಬಾಯಿ ತಗಡು ಮುಚ್ಚಿರತಿತ್ತು, ಈ ವರ್ಷ ಅದನ್ನೂ ಪೂರಾ ತಗದಿಟ್ಟೀರಿ. ಅವತ್ತ ಸಾಯಾಂಗಿಲ್ಲ ಅದು. ಒಳಗ ಬೆಂದು, ಆಮ್ಯಾಲ ಯಾವತ್ತೋ ಒಂದಿನ ಸಾಯತೈತಿ."

ಹೆಚ್ಚು ಕರೆಂಟು ಹರಿದರೆ ತಡೆಯಬೇಕಾದ ರಿಲೇಯನ್ನು ಕೂಡ ಅವರು ಆವತ್ತೇ ಕಂಡುಹಿಡಿದರು. ಪೂಜೆಯ ಹೊತ್ತಿನಲ್ಲಿ ಅದು ಬಿದ್ದು ಮೋಟಾರು ನಿಂತರೆ ಅಪಶಕುನವೆಂದು, ನಾನು ಕೆಲಸಕ್ಕೆ ಸೇರುವ ಮೊದಲೇ ಯಾರೋ ತಂತಿಗಳು ಅದನ್ನು ಹಾಯದಂತೆ ನೇರವಾಗಿ ಜೋಡಿಸಿ ಮೇಲೆ ಟೇಪು ಸುತ್ತಿದ್ದರು. ಹೊರಗಿನ ಮುಳ್ಳು ಮಾತ್ರ ಸರಿಯಾದ ಅಂಕಿಯನ್ನೇ ತೋರಿಸುತ್ತಿತ್ತು, ಹಾಗಾಗಿ ನಾವಿಬ್ಬರೂ ಅದನ್ನೇ ನೋಡಿ ನಂಬಿದ್ದೆವು. "ಕಾವಲಗಾರಗ ಸಂಬಳ ಕೊಟ್ಟು ಕಣ್ಣು ಕಟ್ಟೀರಿ" ಎಂದು ವೈನಿ ಟೇಪು ಹರಿದು ಹಾಕಿದರು. ತಾವೇ ಮೊದಲು ಬಿಚ್ಚಿ ನೋಡಬೇಕಿತ್ತು ಎಂದು ತಮ್ಮನ್ನೂ ಬೈದುಕೊಂಡರು.

ಸಾಹುಕಾರರು ಅಂಗೈ ಉಜ್ಜಿಕೊಳ್ಳುತ್ತ ಆಫೀಸಿಗೆ ಹೋದರು. ಮುಂದಿನ ಅಮವಾಸ್ಯೆಯ ದಿನ ಮೊದಲು ಒಲೆಯನ್ನು ಸಣ್ಣ ಬೆಂಕಿಯಲ್ಲಿ ಹೊತ್ತಿಸಿದೆವು, ಫ್ಯಾನಿನ ಬಾಯಿಯ ತಗಡು ಮುಚ್ಚಿದೆವು. ಸಾಹುಕಾರರು ಆರತಿಯನ್ನು ಮೂರು ಸಲ ಬೆಳಗಿ ಸ್ವಿಚ್ಚನ್ನು ಒಂದು ಸಲ ಒತ್ತಿದರು. ಫ್ಯಾನು ಪೂರ್ತಿ ವೇಗಕ್ಕೆ ಬಂದ ಮೇಲೆ ನಾನು ತಗಡು ತೆರೆದೆ. ಆ ಮೋಟಾರು ಮತ್ತೆ ಸುಡಲಿಲ್ಲ. ಸ್ವಲ್ಪ ದಿನಕ್ಕೆ ಸಾಹುಕಾರರು ನಮ್ಮ ಮಿಲ್ಲಿನ ಬೇರೆ ಮೋಟಾರುಗಳನ್ನು ವೈನಿಯ ಅಂಗಡಿಗೆ ಕಳಿಸು ಎಂದು ನನಗೆ ಹೇಳಿ ಕಳಿಸಿದರು. ಅವರನ್ನು ನೋಡಿ ಉಳಿದ ಮಿಲ್ಲಿನವರೂ ಕಳಿಸತೊಡಗಿದರು. ಕುರ್ಚಿಯ ಮೇಲೆ ಮತ್ತೆ ಮೋಟಾರು ಕುಳಿತಿತು.

ಎಲ್ಲ ಸರಿಹೋಯಿತು ಎಂದು ನಾನು ತಿಳಿದೆ. ವೈನಿ ತಿಳಿಯಲಿಲ್ಲ.

"ಕೆಲಸ ಕಳಸ್ಯಾನ. ಮಾತು ಕಳಸಿಲ್ಲ" ಎನ್ನುತ್ತಿದ್ದರು. ತಂತಿ ಸುತ್ತುತ್ತ ಸುತ್ತುತ್ತ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ, "ಕಳ್ಳಿ ಅಂದಿದ್ದು ಜೋರಾಗಿ ಅಂದಾನ. ಅಲ್ಲ ಅನ್ನೂದು ಯಾವಾಗ ಅಂತಾನಂತ?" ಎಂದು ಕೇಳುತ್ತಿದ್ದರು. ಅಂಗಡಿಯ ಮುಂದೆ ಸಾಹುಕಾರರ ಕಾರು ನಿಧಾನಿಸಿದರೆ ಬಾಗಿಲಿಗೆ ಬರುತ್ತಿದ್ದರು. ಕಾರು ಮುಂದೆ ಹೋಗುತ್ತಿತ್ತು. ಒಂದೆರಡು ಸಲ ನಾನು, ಸಾಹುಕಾರರಿಗೆ ನಾನೇ ನೆನಪು ಮಾಡುತ್ತೇನೆ ಎಂದೆ. ವೈನಿ ಕೋಲು ಎತ್ತಿದರು. "ನೀ ಹೇಳಿಸಿದ್ರ ಅದು ನಿನ್ನ ಮಾತು. ಅಂವ ತಾನ ಬಂದು ಹೇಳಬೇಕು. ನಾ ಇರೂತನ ನೀ ಬಾಯಿ ತಗದಿ ಅಂದ್ರ ನನ್ನ ಹೊಸ್ತಿಲಾ ದಾಟಬ್ಯಾಡ." ನನಗೆ ಅವರ ಹಟ ಅರ್ಥವಾಗುತ್ತಿತ್ತು, ಬೇಸರವೂ ಆಗುತ್ತಿತ್ತು. ಮೊದಲು ಅವರ ಚಡಪಡಿಕೆಯಲ್ಲಿ ನಗೆ ಇತ್ತು. ಈಗ ಅದು ಅವರನ್ನೇ ತಿನ್ನುತ್ತಿತ್ತು.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಮಧ್ಯಾಹ್ನ, ಊಟದ ನಡುವೆ ವೈನಿ ಹೋದರು. ಪರೀಕ್ಷೆಗೆ ಹಚ್ಚಿಟ್ಟಿದ್ದ ಮೋಟಾರಿನ ಸದ್ದು ಬದಲಾಯಿತೆಂದು ತಟ್ಟೆ ಬಿಟ್ಟು ಎದ್ದರಂತೆ, ಅದರವರೆಗೆ ಹೋಗಲಿಲ್ಲವಂತೆ. ಕೊಪ್ಪಳದ ಆಸ್ಪತ್ರೆಯ ದಾರಿಯಲ್ಲೇ ಮುಗಿಯಿತು. ನಾನು ಅವರ ಮನೆಗೆ ಹೋದಾಗ, ನಮ್ಮ ಕಡೆಯ ರೂಢಿಯಂತೆ ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಸಿರು ಬಳೆಗಳು ಮಣಿಕಟ್ಟಿನ ಹತ್ತಿರ ಇಳಿದಿದ್ದವು. ಅಷ್ಟು ಹೊತ್ತು ಅವರು ಕುಳಿತದ್ದನ್ನು ನಾನು ಎಂದೂ ಕಂಡಿರಲಿಲ್ಲ. ಅತ್ತುಬಿಟ್ಟೆ. ಜನರ ನಡುವೆ ನಿಂತು ಚಿಕ್ಕ ಮಗುವಿನ ಹಾಗೆ ಅತ್ತೆ.

ಮೂರನೆಯ ದಿನ ಮನೆಯ ಮುಂದೆ ಶಾಮಿಯಾನ ಹಾಕಿ ಜಮಖಾನ ಹಾಸಿದ್ದರು. ರಸ್ತೆಯ ಮಿಲ್ಲಿನವರೆಲ್ಲ ಬಂದಿದ್ದರು. ಅಣ್ಣ ಕಂಬಕ್ಕೆ ಒರಗಿ ತಲೆ ತಗ್ಗಿಸಿ ಕುಳಿತಿದ್ದರು. ಹೆಂಗಸರು ಒಳಗಿದ್ದರು. ನಮ್ಮ ಸಾಹುಕಾರರು ಬಂದು ಅಣ್ಣನ ಭುಜ ಮುಟ್ಟಿ ಕುಳಿತರು. ನಿಜಕ್ಕೂ ದುಃಖವಾಗಿತ್ತು ಅವರಿಗೆ, ಅದರಲ್ಲಿ ನನಗೆ ಅನುಮಾನವಿಲ್ಲ. ಪಕ್ಕದವರಿಗೆ ಹೇಳಿದರು. "ನಮ್ಮ ಮನಿ ಮಗಳಿದ್ದಂಗ ಇದ್ಲು. ಏನ್ ಕೈರಿ ಅದು! ಯಾರ್ ಏನ ಅಂದ್ರೂ ನಾ ಒಂದಿನಾನೂ ಆಕಿ ಮ್ಯಾಲ ಸಂಶಾ ಪಡ್ಲಿಲ್ಲ ನೋಡ್ರಿ."

ಸುತ್ತಲಿನವರು ಹೂಂಗುಟ್ಟಿದರು. ಆವತ್ತು ಆಫೀಸಿನ ಮುಂದೆ ನಿಂತು ಕೇಳಿಸಿಕೊಂಡಿದ್ದ ಇಬ್ಬರೂ ಹೂಂಗುಟ್ಟಿದರು. ಇನ್ನು ಸ್ವಲ್ಪ ಹೊತ್ತಿಗೆ ಅದೇ ನಿಜವಾಗಿಬಿಡುತ್ತದೆ ಎಂದು ನನಗೆ ಅನ್ನಿಸಿತು. ಸುಮ್ಮನಿರಲಾಗಲಿಲ್ಲ. ಕುಳಿತಲ್ಲಿಂದ ಎದ್ದು ನಿಂತೆ. ಕೆಲಸ ಹೋದರೆ ಹೋಗಲಿ ಎಂದು ಧೈರ್ಯ ಮಾಡಿದೆ ಅಂತೇನೂ ಅಲ್ಲ, ಕಾಲು ತಾನಾಗಿ ಎದ್ದಿತು.

"ಇಲ್ರಿ ಸಾಹುಕಾರ್ರ. ನೀವು ಆಕಿಗೆ ಕಳ್ಳಿ ಅಂದಿದ್ರಿ. ಇವರೂ ಇದ್ರು. ನಾನೂ ಇದ್ದೆ. ಆವತ್ತ ಆಕಿ ನನ್ನ ಹೆಸರು ಹೇಳಿದ್ರ ಮುಗಿತಿತ್ತು, ಹೇಳಲಿಲ್ಲ. ಸಾಯೂತನ ನಿಮ್ಮ ಒಂದ ಮಾತಿಗೆ ಬಾಗಿಲದಾಗ ನಿಂತಳು."

ಚಹಾದ ತಟ್ಟೆ ಹಿಡಿದು ಬರುತ್ತಿದ್ದವನು ಅಲ್ಲೇ ನಿಂತ. ಸಾಹುಕಾರರು ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಅವರು ತಮ್ಮ ಅಂಗೈ ನೋಡಿಕೊಂಡರು.

"ಅಂದಿದ್ದೆ" ಎಂದರು ಮೆಲ್ಲಗೆ. "ಆಕಿ ತಂತಿ ಸರಿ ಇತ್ತು. ಕಳ್ಳತನ ಮಾಡಿರಲಿಲ್ಲ. ಸುಟ್ಟದ್ದು ನನ್ನ ಕೈಯಿಂದ."

ಆಗ ಕಂಬಕ್ಕೆ ಒರಗಿದ್ದ ಅಣ್ಣ ತಲೆ ಎತ್ತಿದರು. ಅವರ ದನಿ ಹೀಗಿದೆ ಎಂದು ನನಗೆ ನೆನಪೇ ಇರಲಿಲ್ಲ.

"ಇನ್ನೊಮ್ಮೆ ಹೇಳ್ರಿ ಸಾಹುಕಾರ್ರ. ಒಳಗ ಹೆಣ್ಮಕ್ಕಳಿಗೆ ಕೇಳ್ಸಲಿಲ್ಲ."

ಸಾಹುಕಾರರು ಎದ್ದು ನಿಂತು, ಬಾಗಿಲ ಕಡೆ ತಿರುಗಿ, ಇನ್ನೊಮ್ಮೆ ಹೇಳಿದರು.